ಬಿಚ್ಚಿ ಒಯ್ದ ಬಂದೂಕು

ಕಾಕಾ ತೀರಿಕೊಂಡಾಗ ಮಾತಾಡಿಸಲು ಬಂದವರು ಕಾಕು ಎದುರು ಕುಳಿತು ಕಣ್ಣೊರೆಸಿಕೊಂಡರು, ಇದ್ದಷ್ಟು ದಿನ ಯಾರಿಗೂ ಕೆಟ್ಟದ್ದು ಬಯಸಲಿಲ್ಲ ಎಂದರು, ಚಹಾ ಬೇಡ ಬೇಡ ಎನ್ನುತ್ತಲೇ ಕುಡಿದರು. ಎದ್ದು ಹೊರಡುವಾಗ ಪಡಸಾಲೆಯ ಗೋಡೆಯಲ್ಲಿದ್ದ ಎರಡು ಗೂಟಗಳ ಕಡೆ ನೋಡಿ, "ಆ ಬಂದೂಕ ಏನಾತ್ರಿ?" ಎಂದು ಕೇಳಿದರು. ಒಬ್ಬರಲ್ಲ, ಹೆಚ್ಚುಕಡಿಮೆ ಬಂದವರೆಲ್ಲ ಹೀಗೆಯೇ. ಕೇಳಿ ಕೇಳಿ ನನಗೆ ತಲೆ ಕೆಟ್ಟಿತು. ಮನುಷ್ಯ ಹೋದದ್ದು ಇವರಿಗೆ ಸುದ್ದಿಯಲ್ಲ, ಗೂಟ ಖಾಲಿ ಇರುವುದು ಸುದ್ದಿ. ಕಾಕು ಮಾತ್ರ ಬೇಸರಿಸದೆ ಪ್ರತಿಯೊಬ್ಬರಿಗೂ ಅದೇ ಉತ್ತರ ಕೊಟ್ಟರು: "ಠಾಣ್ಯಾಗ ಐತ್ರಿ. ಅಲ್ಲೇ ಇರಲಿ."

ಕಾಕಾನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಸ್ಕಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೂ ಇಲ್ಲ. ಎದುರಿಗೆ ಕಾಕಾ, ಬೆನ್ನ ಹಿಂದೆ ಬಂದೂಕಿನ ಕಾಕಾ. ನಾಲ್ಕು ಅಕ್ಷರ ಓದಿದವರು ನಗಾಡುತ್ತ ಕಾಯ್ದೆ ಕಾಕಾ ಎನ್ನುತ್ತಿದ್ದರು. ಅವರ ಹೆಂಡತಿ ಹೀಗಾಗಿ ಎಲ್ಲರಿಗೂ ಕಾಕು. ಎಂಬತ್ತರ ದಶಕದ ನಡುವಿನಲ್ಲಿ ಶಿಕ್ಷಕಿಯಾಗಿದ್ದ ನನಗೆ ಮಸ್ಕಿಯ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಯಿತು. ಮುದಗಲ್ಲಿನಿಂದ ತಾಯಿಯನ್ನು ಕರೆದುಕೊಂಡು ಬಂದು ಅವರ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇಳಿದೆ.

ಬಂದ ವಾರದಲ್ಲೇ ಒಂದು ಬೆಳಿಗ್ಗೆ ಕೊಡ ಹಿಡಿದು ಹೊರಗೆ ಬಂದರೆ, ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕಾಕಾ ಕುಳಿತಿದ್ದಾರೆ. ಮುಂದೆ ಒಂದಕ್ಕೊಂದು ಅಂಟಿಕೊಂಡ ಎರಡು ಕಬ್ಬಿಣದ ನಳಿಗೆ, ಪಕ್ಕದಲ್ಲಿ ಕಟ್ಟಿಗೆಯ ದೊಡ್ಡ ಹಿಡಿ, ಅದರಾಚೆ ಗೇಣುದ್ದದ ಇನ್ನೊಂದು ಕಟ್ಟಿಗೆಯ ತುಂಡು. ಬಂದೂಕು ಎಂದು ತಿಳಿದ ಕೂಡಲೇ ನನ್ನ ಕೈಯಿಂದ ಕೊಡ ಜಾರಿತು. ಕಾಕಾ ತಲೆಯೆತ್ತದೆ ನಳಿಗೆಯೊಳಗೆ ಎಣ್ಣೆಬಟ್ಟೆ ತೂರಿಸುತ್ತ ಹೇಳಿದರು.

"ಹೆದರಬ್ಯಾಡ್ರಿ ಅಕ್ಕೋರ. ಬಿಚ್ಚಿ ಇಟ್ಟಾಗ ಇದು ಬರೇ ಕಬ್ಬಿಣ, ಕಟಿಗಿ. ಕೂಡಿಸಿದ ಮ್ಯಾಲ ಬಂದೂಕ."

"ಕೂಡಸ್ತೀರೇನ್ರಿ ಈಗ?"

"ಇಲ್ಲ್ಯಾಕ ಕೂಡಸಲಿ? ಇಲ್ಲಿ ಯಾವ ಹಂದಿ ಬಂದಾವ?"

ಎಣ್ಣೆ ಹಾಕಿ ಒರೆಸಿದ ಮೇಲೆ ಮೂರೂ ತುಂಡುಗಳನ್ನು ಒಂದು ಕೌದಿಯ ಚೀಲಕ್ಕೆ ಸೇರಿಸಿದರು. ಹಳೆಯ ಸೀರೆಗಳ ತುಂಡು ಕೂಡಿಸಿ ಕಾಕು ಹೊಲಿದ ಚೀಲ ಅದು. ಒಳಗೆ ತುಂಡಿಗೊಂದು ಗೂಡು, ಒಂದಕ್ಕೊಂದು ತಾಗದಂತೆ. ಅದನ್ನು ಪಡಸಾಲೆಯ ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿದರು. ಕಾಡತೂಸುಗಳು ಬೇರೆ ಚೀಲದಲ್ಲಿ, ಬೇರೆ ಕೋಣೆಯಲ್ಲಿ, ಕೀಲಿ ಹಾಕಿದ ಟ್ರಂಕಿನೊಳಗೆ. ಹೊಲಕ್ಕೆ ಕಾವಲಿಗೆ ಹೋದಾಗ ಅಲ್ಲಿ ಕೂಡಿಸಿಕೊಳ್ಳುತ್ತಿದ್ದರಂತೆ. ನಾನು ಆ ಮನೆಯಲ್ಲಿದ್ದ ಅಷ್ಟೂ ವರ್ಷ ಅದು ಕೂಡಿದ್ದನ್ನು ನೋಡಲಿಲ್ಲ. ನೋಡಿದ್ದು ಒಂದೇ ಸಲ, ಅದೂ ಮಸ್ಕಿಯಲ್ಲಲ್ಲ.

ಕಾಯ್ದೆ ಎಂದರೆ ಕಾಕಾಗೆ ಎಷ್ಟು ಪ್ರೀತಿಯೆಂದರೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಕತ್ತಲಾದ ಮೇಲೆ ಸೈಕಲ್ಲನ್ನು ನೂಕಿಕೊಂಡು ನಡೆಯುವಾಗಲೂ ಅದರ ದೀಪ ಹಚ್ಚಿರುತ್ತಿದ್ದರು. ರೇಡಿಯೋಗೆ ಲೈಸೆನ್ಸು ಬೇಡವೆಂದು ಸರಕಾರ ತೆಗೆದುಹಾಕಿದಾಗ ಊರೆಲ್ಲ ಖುಷಿಪಟ್ಟರೆ, ಇವರು ಅಂಚೆ ಕಚೇರಿಗೆ ಹೋಗಿ ಜಗಳ ಆಡಿ ಬಂದರು. "ಇನ್ನ ಮ್ಯಾಲ ಈ ರೇಡಿಯೋ ನಂದ ಅಂತ ಯಾರು ಹೇಳೂರು?" ಎಂಬುದು ಅವರ ಚಿಂತೆ. ದಸರೆಯ ಆಯುಧ ಪೂಜೆಯ ದಿನ ಮೊದಲ ಕುಂಕುಮ ಲೈಸೆನ್ಸಿನ ಪುಸ್ತಕಕ್ಕೆ, ಆಮೇಲೆ ಬಂದೂಕಿಗೆ. ಕಾಕು ಗೊಣಗುವರು: "ಆ ಪುಸ್ತಕದ ಮ್ಯಾಲ ಇದ್ದ ಮಾಯಾ ನನ್ನ ಮ್ಯಾಲ ಇದ್ದಿದ್ದರ ನಾ ಇಷ್ಟೊತ್ತಿಗೆ ಮಹಾರಾಣಿ ಆಗಿರತಿದ್ದೆ."

ಆದರೆ ಇದರ ಹಿಂದಿನ ಕಥೆಯನ್ನು ನನಗೆ ಹೇಳಿದವರೂ ಕಾಕುವೇ. ನಿಜಾಮನ ರಾಜ್ಯ ಮುಗಿಯುವ ಹೊತ್ತಿನ ಗದ್ದಲದ ವರ್ಷ. ಸಿಪಾಯಿಗಳು ಮನೆಮನೆ ಹುಡುಕಿ ಬಂದೂಕು ಕೇಳುತ್ತಿದ್ದರು. ಕಾಕಾನ ತಂದೆಯ ಬಂದೂಕಿಗೆ ಉರ್ದುವಿನಲ್ಲಿ ಬರೆದ ಪರವಾನಗಿ ಇತ್ತು, ಆದರೆ ಕೇಳಿದ ಹೊತ್ತಿಗೆ ಕೈಗೆ ಸಿಗಲಿಲ್ಲ. ಎಲ್ಲಿಟ್ಟೆನೆಂದು ಹೆದರಿಕೆಯಲ್ಲಿ ನೆನಪಾಗಲಿಲ್ಲ. ಮಗನ ಕಣ್ಣೆದುರಿಗೇ ಅಂಗಳದಲ್ಲಿ ನಿಲ್ಲಿಸಿ ಹೊಡೆದರು, ಎಳೆದುಕೊಂಡು ಹೋದರು. ತಿರುಗಿ ಬಂದ ಮನುಷ್ಯ ಮತ್ತೆ ನೆಟ್ಟಗೆ ನಡೆಯಲಿಲ್ಲ, ಬಹಳ ದಿನ ಬದುಕಲೂ ಇಲ್ಲ. ಪರವಾನಗಿ ಆಮೇಲೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಸಿಕ್ಕಿತು. ಅಂದಿನಿಂದ ಕಾಕಾನ ಬಾಯಲ್ಲಿ ಒಂದೇ ಮಾತು: "ಕಾಗದ ಕೈಯಾಗ ಇರಬೇಕು." ಇದನ್ನು ಕೇಳಿದ ಮೇಲೆ ನಾನು ಅವರ ಸೈಕಲ್ ದೀಪಕ್ಕೆ ನಗುವುದನ್ನು ಬಿಟ್ಟೆ.

ಇಂಥ ಮನುಷ್ಯನಿಗೆ ಒಬ್ಬ ಗೆಳೆಯ. ಹೊಳೆ ದಾಟಿ, ಸಿರುಗುಪ್ಪ ದಾಟಿ, ಆದೋನಿಯ ಆಚೆಗೆ ಆಂಧ್ರದ ಒಂದು ಹಳ್ಳಿಯಲ್ಲಿ ಅವರ ಮನೆ. ಇಬ್ಬರೂ ಹುಡುಗರಾಗಿದ್ದಾಗ ರಾಯಚೂರಿನ ಬೋರ್ಡಿಂಗಿನಲ್ಲಿದ್ದು ಒಂದೇ ಬೆಂಚಿನ ಮೇಲೆ ಉರ್ದು ಕಲಿತವರು. ಕಾಕಾ ಅವರನ್ನು ದೋಸ್ತ ಎನ್ನುತ್ತಿದ್ದರು, ಹಾಗಾಗಿ ನಮಗೂ ಅವರು ದೋಸ್ತ. ಪ್ರತಿವರ್ಷ ಅಲ್ಲಿ ಶೇಂಗಾ ಕೀಳುವ ಕಾಲಕ್ಕೆ ಹಂದಿಗಳು ಹೊಲಕ್ಕೆ ನುಗ್ಗುತ್ತಿದ್ದವು. ಆಗ ಕಾಕಾ ತಮ್ಮ ಬಂದೂಕು ತೆಗೆದುಕೊಂಡು ದೋಸ್ತನ ಊರಿಗೆ ಹೋಗಬೇಕು, ಇಬ್ಬರೂ ಹೊಲದ ಅಟ್ಟದ ಮೇಲೆ ಕಾವಲು ಕೂಡಬೇಕು. ಹಂದಿ ಹೊಡೆದದ್ದಕ್ಕಿಂತ ಹರಟೆ ಹೊಡೆದದ್ದೇ ಹೆಚ್ಚು ಎಂದು ಕಾಕು ಹೇಳುತ್ತಿದ್ದರು. ಅದೇನೇ ಇರಲಿ, ವರ್ಷದಲ್ಲಿ ಕಾಕಾ ಮುಖ ಅರಳುತ್ತಿದ್ದದ್ದು ಆ ಒಂದು ಪ್ರವಾಸಕ್ಕೆ.

ಪ್ರವಾಸವೇನು ಸುಮ್ಮನೆ ಆಗುತ್ತಿರಲಿಲ್ಲ. ಅವರ ಲೈಸೆನ್ಸು ನಡೆಯುವುದು ರಾಯಚೂರು ಜಿಲ್ಲೆಯೊಳಗೆ ಮಾತ್ರ. ಬಂದೂಕು ರಾಜ್ಯದ ಗಡಿ ದಾಟಬೇಕಾದರೆ ಅದಕ್ಕೆ ಬೇರೆ ಪ್ರಯಾಣದ ಪರವಾನಗಿ. ಲಿಂಗಸುಗೂರಿನ ಕಚೇರಿಗೆ ಅರ್ಜಿ ಕೊಡಬೇಕು, ಠಾಣೆಯಿಂದ ವರದಿ ಹೋಗಬೇಕು, ರಾಯಚೂರಿನಿಂದ ಹುಕುಂ ಬರಬೇಕು. ಊರಲ್ಲಿ ಬಂದೂಕು ಇದ್ದ ಉಳಿದವರು ಹಾಸಿಗೆಯಲ್ಲಿ ಸುತ್ತಿಕೊಂಡು ಎಲ್ಲಿ ಬೇಕಾದಲ್ಲಿ ಹೋಗಿ ಬರುತ್ತಿದ್ದರು. ಕಾಕಾ ಮಾತ್ರ ಜೋಳದ ಹಸಿ ತೆನೆ ಸುಟ್ಟು ಸೀತನಿ ತಿನ್ನುವ ಕಾಲಕ್ಕೇ ಮುಂದಿನ ವರ್ಷದ ಅರ್ಜಿಯ ಮಾತೆತ್ತುವರು. ಕಾರಣ ಎಂದಿದ್ದ ಕಡೆ ಪ್ರತಿವರ್ಷ ಒಂದೇ ಬರಹ: ಗೆಳೆಯನ ಭೇಟಿ ಮತ್ತು ಬೆಳೆ ಕಾವಲು. ಗಡಿಯಾಚೆಯ ಠಾಣೆಗೂ ಹೋಗಿ, ಬಂದಿದ್ದೇನೆ ಎಂದು ಹೇಳುವರು, ಹೊರಡುವಾಗ ಹೊರಟೆ ಎಂದು ಹೇಳುವರು.

ಬಸ್ಸಿನಲ್ಲಿ ಅವರ ಕ್ರಮ ನೋಡಬೇಕಿತ್ತು. ಕೌದಿಯ ಚೀಲ ತೊಡೆಯ ಮೇಲೆ. ಕಾಡತೂಸಿನ ಚೀಲ ಕಣ್ಣಿಗೆ ಕಾಣುವ ಹಾಗೆ, ಆದರೆ ಕೈಗೆ ಎಟುಕದ ಹಾಗೆ ಮೇಲಿನ ಹಲಗೆಯಲ್ಲಿ. ಒಮ್ಮೆ ಸಿಂಧನೂರಿನಲ್ಲಿ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಚೀಲ ಮುಟ್ಟಿ, "ಏನ್ರೀ ಯಜಮಾನ್ರ ಇದು, ತಂಬೂರಿ ಏನು?" ಎಂದ. ಕಾಕಾ ಸುಳ್ಳು ಹೇಳುವವರಲ್ಲ. ಇಡೀ ಬಸ್ಸಿಗೆ ಕೇಳುವಂತೆ, "ಬಂದೂಕ. ಲಗೇಜು ಟಿಕೀಟ ಕೊಡ್ರಿ" ಎಂದರು. ಅಕ್ಕಪಕ್ಕದ ಸೀಟು ಖಾಲಿಯಾದವು. ಬಳಗಾನೂರಿನ ಕಡೆಯ ಒಬ್ಬ ಹೆಂಗಸು ತುಂಬಿದ ಬುಟ್ಟಿಯನ್ನು ಬಿಟ್ಟೇ ಕೆಳಗಿಳಿದಳು. ಕಾಕಾ ಲೈಸೆನ್ಸು, ಪರವಾನಗಿ ಎರಡನ್ನೂ ತೆಗೆದು, ಓದಲು ಬಾರದವರಿಗೂ ಒಬ್ಬೊಬ್ಬರಿಗೇ ತೋರಿಸಿ, ಆ ಹೆಂಗಸನ್ನು ಕರೆದು ಕೂಡಿಸಿದ ಮೇಲೆಯೇ ಬಸ್ಸು ಹೊರಟದ್ದು.

ದೋಸ್ತ ಇದಕ್ಕೆ ತದ್ವಿರುದ್ಧ. ಎತ್ತರದ ಆಳು, ಗಟ್ಟಿ ಗಂಟಲು, ತೆಲುಗು ಬೆರೆತ ಕನ್ನಡ. ಒಂದು ಮೂಟೆ ಶೇಂಗಾ ಹೊತ್ತುಕೊಂಡು ಬಂದು, "ಏಂ ರಾ, ಬದಕೀಯೋ ಇಲ್ಲೋ?" ಎಂದು ಬೀದಿಯಿಂದಲೇ ಕೂಗುತ್ತ ಒಳಗೆ ಬರುವವರು. ಒಂದು ವರ್ಷ ತಮ್ಮ ಬಂದೂಕನ್ನೂ ಹಾಸಿಗೆಯಲ್ಲಿ ಸುತ್ತಿ ತಂದರು. ಕಾಕಾನ ಜೋಳದ ಹೊಲದಲ್ಲಿ ಜೊತೆಗೆ ಕಾವಲು ಕೂಡುವ ಆಸೆ. ಕಾಕಾ ಹೊಸ್ತಿಲಲ್ಲೇ ಅಡ್ಡ ನಿಂತರು.

"ಕಾಗದ ಐತೇನು?"

"ಯಾವ ಕಾಗದಲೇ? ದೋಸ್ತನ ಮನಿಗೆ ಬರಾಕ ಕಾಗದಾನ?"

"ನೀ ಬರಾಕ ಬ್ಯಾಡ. ಅದಕ್ಕ ಬೇಕು."

"ಲೇ, ನಿನ್ನ ದೋಸ್ತಿಗೂ ಲೈಸೆನ್ಸ್ ಮಾಡಿಸಬೇಕೇನು?" ಎಂದು ದೋಸ್ತ ನಕ್ಕರು. ಕಾಕಾ ನಗಲಿಲ್ಲ, ಹೊಸ್ತಿಲು ಬಿಟ್ಟು ಸರಿಯಲೂ ಇಲ್ಲ. ಕಾಕು ಒಳಗಿನಿಂದ ತಂದ ನೀರಿನ ತಂಬಿಗೆ ಹಾಗೇ ಉಳಿಯಿತು. ದೋಸ್ತ ಶೇಂಗಾ ಮೂಟೆಯನ್ನು ಕಟ್ಟೆಯ ಮೇಲೆ ಇಳಿಸಿ, ಹಾಸಿಗೆ ಹೆಗಲಿಗೇರಿಸಿ, ಬಂದ ಬಸ್ಸಿಗೇ ಹಿಂದಿರುಗಿದರು. ಕಾಕಾ ಎರಡು ದಿನ ಊಟ ಮಾಡಲಿಲ್ಲ. ಆ ವರ್ಷ ಶೇಂಗಾ ಕೀಳುವ ಕಾಲ ಬಂದಾಗ ಮತ್ತೆ ಅರ್ಜಿ, ಮತ್ತೆ ಹುಕುಂ, ಮತ್ತೆ ಕೌದಿಯ ಚೀಲ. ಹೋಗಿ ಬಂದವರನ್ನು, ದೋಸ್ತ ಏನಂದರು ಎಂದು ನಾನು ಕೇಳಿದೆ. "ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದ. ಚೀಲ ನೋಡಿ, ಬಾ ಕಾಯ್ದೆ ಕಾಕಾ ಅಂದ" ಎಂದು ಹೇಳಿ ಕಾಕಾ ಹುಡುಗನ ಹಾಗೆ ನಕ್ಕರು.

ತೊಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ದೋಸ್ತನ ಊರಿನಲ್ಲಿ ಎರಡು ಪಾರ್ಟಿಗಳಾಗಿ ಹೊಡೆದಾಟ ಬೆಳೆದಿತ್ತು. ಸಂತೆಯಿಂದ ಬರುತ್ತಿದ್ದ ಒಬ್ಬನನ್ನು ಹಾಡುಹಗಲೇ ಕೊಚ್ಚಿ ಹಾಕಿದರು. ದೋಸ್ತ ಅದನ್ನು ಕಣ್ಣಾರೆ ನೋಡಿದ್ದರು. ಉಳಿದ ಸಾಕ್ಷಿಗಳೆಲ್ಲ ಏನೂ ಕಾಣಲಿಲ್ಲ ಎಂದು ಹಿಂದೆ ಸರಿದರು, ಇವರೊಬ್ಬರು ಸರಿಯಲಿಲ್ಲ. ಕೋರ್ಟಿನ ದಿನ ಹತ್ತಿರ ಬರುತ್ತಿತ್ತು. ಗಲಾಟೆಯ ಊರೆಂದು ಅಲ್ಲಿಯ ಲೈಸೆನ್ಸು ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇರಿಸಿಕೊಂಡಿದ್ದರು, ದೋಸ್ತನದನ್ನೂ. ಕೊಡಲಿಗೂ ನಾಟು ಬಾಂಬಿಗೂ ಲೈಸೆನ್ಸು ಎಲ್ಲಿಯದು? ಅವು ಇದ್ದವರ ಮನೆಯಲ್ಲೇ ಉಳಿದವು.

ಸಿಂಧನೂರಿಗೆ ಭತ್ತದ ವ್ಯಾಪಾರಕ್ಕೆ ಬಂದ ಅವರ ಊರಿನವನೊಬ್ಬ ಮಸ್ಕಿಗೆ ಬಂದು ಸುದ್ದಿ ಮುಟ್ಟಿಸಿದ. ದೋಸ್ತ ಹೇಳಿಕಳಿಸಿದ್ದು ಇಷ್ಟು: ಕೋರ್ಟಿನ ದಿನ ಬರುವತನಕ ನೀನು ಬಂದೂಕು ಹಿಡಿದು ನನ್ನ ಕಟ್ಟೆಯ ಮೇಲೆ ಕೂಡು. ಹೊಡೆಯುವುದು ಬೇಡ, ನೋಡಿದವರಿಗೆ ಕಂಡರೆ ಸಾಕು.

ಕಾಕಾ ಮರುದಿನವೇ ಲಿಂಗಸುಗೂರಿಗೆ ಹೊರಟರು. ಶಾಲೆಯ ಪಗಾರದ ಕೆಲಸಕ್ಕೆ ನಾನೂ ಅಲ್ಲಿಗೆ ಹೋಗುವವಳಿದ್ದೆ, ಜೊತೆಗೆ ಹೋದೆ. ಕಚೇರಿಯ ಗುಮಾಸ್ತ ವರ್ಷಗಳಿಂದ ಕಾಕಾನ ಅರ್ಜಿ ನೋಡಿದವನು, ಎದ್ದು ಕುರ್ಚಿ ಕೊಟ್ಟ. ಅರ್ಜಿ ಓದುತ್ತ ಓದುತ್ತ ಅವನ ಮುಖ ಬದಲಾಯಿತು.

"ಕಾಕಾ, ಇದೇನು ಬರದೀರಿ? ಗೆಳೆಯನ ಪ್ರಾಣಕ್ಕೆ ಅಪಾಯ ಇರೋದರಿಂದ ಅವನ ಮನೆ ಕಾವಲಿಗೆ ಅಂತ?"

"ಹೌದು. ಅದಕ್ಕ ಹೊಂಟೀನಿ."

"ಹಿಂಗ ಬರದರ ಇದು ಆ ರಾಜ್ಯಕ್ಕ ವಿಚಾರಣಿಗಿ ಹೋಕ್ಕೈತ್ರಿ. ಅಲ್ಲಿಂದ ಉತ್ತರ ಬರೂದು ಯಾವಾಗೋ ಏನೋ. ಹೋದ ವರ್ಷ ಬರದಂಗ ಬರೀರಿ, ಗೆಳೆಯನ ಭೇಟಿ ಅಂತ. ಈ ವಾರದಾಗ ನಿಮ್ಮ ಕೈಯಾಗ ಇರತೈತಿ."

"ಹೋದ ವರ್ಷ ಹೋಗಿದ್ದು ಭೇಟಿಗಿ. ಈ ಸಲ ಕಾವಲಿಗಿ. ಎರಡೂ ಒಂದ ಹೆಂಗ ಆಕ್ಕಾವು?"

"ಗೆಳೆಯನ ಭೇಟಿ ಆಗತೀರಲ್ರಿ, ಅದು ಸುಳ್ಳೇನು?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಅರ್ಧಾ ಖರೆ ಬರದರ ಅದು ಪೂರಾ ಸುಳ್ಳ, ಅಕ್ಕೋರ."

ಗುಮಾಸ್ತ ಹೊಸ ಹಾಳೆ ಮುಂದಿಟ್ಟ. ಪೆನ್ನನ್ನೂ ಇಟ್ಟ. ಕಾಕಾ ಹಾಳೆಯನ್ನು ಹಿಂದಕ್ಕೆ ನೂಕಿ, ಬರೆದುಕೊಂಡು ಬಂದಿದ್ದನ್ನೇ ಕೊಟ್ಟು ಎದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅವರ ಜೊತೆ ಒಂದು ಮಾತೂ ಆಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು ನನಗೆ. ಇಂದಿಗೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ಸಂಜೆ ಕಾಕು ಅವರನ್ನು ಬಿಡಲಿಲ್ಲ. "ದೋಸ್ತನ ಜೀವಕ್ಕಿಂತ ನಿಮ್ಮ ಕಾಗದ ದೊಡ್ಡದೇನು?" ಎಂದು ಕೂಗಾಡಿದರು. ಕಾಕಾ ಹೇಳಿದ್ದು ನನ್ನ ಕೋಣೆಗೂ ಕೇಳಿತು.

"ಭೇಟಿಗಿ ಅಂತ ಕಾಗದ ತೊಗೊಂಡು ಹೋಗಿ, ಅವನ ಕಟ್ಟಿ ಮ್ಯಾಲ ಬಂದೂಕ ಹಿಡಕೊಂಡು ಕುಂತೆ ಅಂತ ತಿಳಕೋ. ಆ ಪಾರ್ಟಿಯವರು ಹೋಗಿ ಠಾಣ್ಯಾಗ ಹೇಳ್ತಾರ. ಠಾಣ್ಯಾವರು ಬಂದು ಕಾಗದ ಓದಿ, ಇಲ್ಲಿ ಹಂದಿ ಎಲ್ಲೈತಿ ಅಂತ ಕೇಳತಾರ. ನನ್ನೂ ಬಂದೂಕನ್ನೂ ಕೂಡೇ ಎತ್ತಿಕೊಂಡು ಹೋಗತಾರ. ಆಮ್ಯಾಲ ಅವನ ಕಟ್ಟಿ ಮ್ಯಾಲ ಯಾರು ಕೂಡವರು? ನಮ್ಮಪ್ಪಂದು ಖರೇ ಕಾಗದ ಇತ್ತು, ಹೊತ್ತಿಗಿ ಸಿಗಲಿಲ್ಲ. ನಂದು ಹೊತ್ತಿಗಿ ಸಿಕ್ಕು ಸುಳ್ಳು ಆಗಬಾರದು."

ಕಾಕು ಅಳುತ್ತ ಒಳಗೆ ಹೋದರು. ಹೆದರಿದ ಮನುಷ್ಯ ಎಷ್ಟು ಸರಿಯಾಗಿ ಲೆಕ್ಕ ಹಾಕುತ್ತಾನೆ ಎಂದು ನನಗೆ ಅನಿಸಿತು.

ಆದೋನಿಯ ಕಡೆ ಹೋಗುವ ಯಾರು ಸಿಕ್ಕರೂ ಕಾಕಾ ಅವರ ಕೈಯಲ್ಲಿ ಹೇಳಿ ಕಳಿಸಿದರು. ಕಾಗದ ಬಂದ ದಿನವೇ ಹೊರಟು ಸಂಜೆ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ನೀನೇ ಮಸ್ಕಿಗೆ ಬಂದುಬಿಡು ಎಂದು. ದೋಸ್ತನಿಂದ ಉತ್ತರ ಬಂತು. ಈಗ ಊರು ಬಿಟ್ಟು ಬಂದರೆ ಸಾಕ್ಷಿ ಓಡಿಹೋದ ಅಂತಾರೆ, ನಾನು ಬರುವುದಿಲ್ಲ, ನೀನೇ ಬಾ, ಸಂಜೆ ಬಸ್ಸು ನೋಡುತ್ತಿರುತ್ತೇನೆ.

ಆಮೇಲಿನ ದಿನಗಳು ಆ ಮನೆಯಲ್ಲಿ ಹೀಗೆ ಕಳೆದವು. ಕಾಕಾ ಎರಡು ದಿನಕ್ಕೊಮ್ಮೆ ಲಿಂಗಸುಗೂರಿಗೆ, ವಾರಕ್ಕೊಮ್ಮೆ ರಾಯಚೂರಿಗೆ. ಉಳಿದ ಹೊತ್ತೆಲ್ಲ ಕಟ್ಟೆಯ ಮೇಲೆ. ಎಣ್ಣೆ ಹಾಕಿದ ನಳಿಗೆಗೆ ಮತ್ತೆ ಎಣ್ಣೆ, ಒರೆಸಿದ ಹಿಡಿಯನ್ನು ಮತ್ತೆ ಒರೆಸುವುದು. ತಿಂಡಿ ಮುಂದಿಟ್ಟರೆ ಆರಿಹೋಗುತ್ತಿತ್ತು. ಗುಮಾಸ್ತ ಪಾಪ, ತಾನೇ ಒಂದು ದಿನ ಮಸ್ಕಿಗೆ ಬಂದು, ಇನ್ನೂ ಕಾಲ ಮಿಂಚಿಲ್ಲ, ಅರ್ಜಿ ಬದಲಿಸಿ ಕೊಡಿ ಎಂದು ಕೈಮುಗಿದು ಕೇಳಿದ. ಕಾಕಾ ಅವನಿಗೆ ಚಹಾ ಕುಡಿಸಿ ಕಳಿಸಿದರು.

ಸುದ್ದಿ ತಂದವನು ಮೊದಲು ಬಂದಿದ್ದ ಭತ್ತದ ವ್ಯಾಪಾರಿಯೇ. ಕಾಕಾ ಕೌದಿಯ ಚೀಲದ ಹರಿದ ಹಿಡಿಯನ್ನು ಹೊಲಿಯುತ್ತ ಕುಳಿತಿದ್ದರು. ಅವನು ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ನಿಂತ. ಅವನು ಮೇಲೆ ಬರದೆ ನಿಂತದ್ದನ್ನು ನೋಡಿಯೇ ಕಾಕಾಗೆ ತಿಳಿಯಿತು.

"ಎಲ್ಲಿ?" ಎಂದು ಮಾತ್ರ ಕೇಳಿದರು.

"ಬಸ್ ಸ್ಟ್ಯಾಂಡಿನ ಕಡೀಗ್ರಿ."

ಯಾರು, ಹೇಗೆ, ಏನೂ ಕೇಳಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟು, ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ಮಣ್ಣಿಗೆ ಹೋಗಬೇಕೆಂದರೂ ಅಷ್ಟು ಹೊತ್ತಿಗೆ ಮಣ್ಣಾಗಿಹೋಗಿತ್ತು.

ಪರವಾನಗಿ ಬಂದದ್ದು ಅದಾದ ಮೇಲೆ. ಆ ಕಡೆಯಿಂದ ವರದಿ ಬಂದಿತ್ತಂತೆ. ಊರು ಈಗ ಶಾಂತವಾಗಿದೆ, ಅಭ್ಯಂತರವಿಲ್ಲ. ಗುಮಾಸ್ತ ಅದನ್ನು ಕೊಡಲಾರದೆ ಕೊಟ್ಟನಂತೆ. ಕಾಕಾ ಮನೆಗೆ ತಂದು, ಬೆಳಕಿಗೆ ಹಿಡಿದು ಪೂರ್ತಿ ಓದಿ, ಕೌದಿಯ ಚೀಲವನ್ನು ಗೂಟದಿಂದ ಇಳಿಸಿದರು. ಟ್ರಂಕು ತೆಗೆದು ಕಾಡತೂಸಿನ ಚೀಲವನ್ನೂ ತೆಗೆದರು. ಕಾಕು ಬಾಗಿಲಿಗೆ ಅಡ್ಡ ನಿಂತರು.

"ಯಾರನ್ನ ಹೊಡ್ಯಾಕ ಹೊಂಟೀರಿ?"

"ಹೊಡ್ಯಾಕ ಅಲ್ಲ. ಇದರಾಗ ಏನು ಬರದೈತೋ ಅದಕ್ಕ ಹೊಂಟೀನಿ. ಅವನ ಮನಿ ಕಾವಲಿಗಿ."

ಕಾಕು ನನ್ನ ಕೈ ಹಿಡಿದರು. ಹೇಗೂ ದೋಸ್ತನ ಹೆಂಡತಿಯನ್ನು ಮಾತಾಡಿಸಿಕೊಂಡು ಬರಬೇಕು, ನೀವೂ ಬನ್ನಿ ಅಕ್ಕೋರ ಎಂದರು. ನಾನು ಶಾಲೆಗೆ ರಜೆ ಹಾಕಿ ಹೊರಟೆ. ನಾವಿಬ್ಬರೂ ಹೋದದ್ದು ಆ ಮುದುಕನನ್ನು ಕಾಯಲು ಎಂಬುದು ಮೂವರಿಗೂ ಗೊತ್ತಿತ್ತು. ಸಿಂಧನೂರು, ಸಿರುಗುಪ್ಪ, ಆದೋನಿ. ಬಸ್ಸು ಬದಲಾಯಿಸಿದಾಗಲೆಲ್ಲ ಕಾಕಾ ಲಗೇಜು ಟಿಕೀಟು ಕೇಳಿ ತೆಗೆದುಕೊಂಡರು, ಚೀಲವನ್ನು ತೊಡೆಯ ಮೇಲೆ, ಕಾಡತೂಸನ್ನು ಮೇಲಿನ ಹಲಗೆಯಲ್ಲಿ ಇಟ್ಟರು. ಈ ಸಲ ಯಾರೂ ಇದೇನೆಂದು ಕೇಳಲಿಲ್ಲ. ದಾರಿಯಲ್ಲಿದ್ದ ಠಾಣೆಯ ಮುಂದೆ ಇಳಿದು, ಒಳಗೆ ಹೋಗಿ ಕಾಗದ ತೋರಿಸಿ ಬಂದರು. ಊರು ಮುಟ್ಟಿದಾಗ ಹೊತ್ತು ಇಳಿದಿತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಬೇವಿನ ಮರ, ಒಂದು ಮುಚ್ಚಿದ ಚಹಾದ ಅಂಗಡಿ. ಕಾಕಾ ಇಳಿದವರು ಅಲ್ಲಿ ನಿಲ್ಲದೆ ತಲೆ ತಗ್ಗಿಸಿ ನಡೆದರು. ಬಸ್ಸಿನಿಂದ ದೋಸ್ತನ ಮನೆ ದೂರ, ನಡುವೆ ಜಾಲಿಯ ಹಾದಿ. ಎದುರಾದವರು ಚೀಲ ನೋಡಿ ಬದಿಗೆ ಸರಿದರು, ಒಬ್ಬರೂ ನಮಸ್ಕಾರ ಎನ್ನಲಿಲ್ಲ.

ದೋಸ್ತನ ಹೆಂಡತಿ ಒಳಮನೆಯಲ್ಲಿದ್ದರು. ನಾವಿಬ್ಬರೂ ಹೋಗಿ ಪಕ್ಕದಲ್ಲಿ ಕುಳಿತೆವು. ಕಾಕು ಅವರನ್ನು ತಬ್ಬಿಕೊಂಡು ಅತ್ತರು, ಅವರು ಅಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸಪ್ಪಳವಾಯಿತು. ಬಾಗಿಲಿನಿಂದ ನೋಡಿದರೆ ಕಾಕಾ ನಳಿಗೆಯನ್ನು ಹಿಡಿಗೆ ಸಿಕ್ಕಿಸಿ, ಕೆಳಗಿನ ತುಂಡನ್ನು ಒತ್ತಿ ಕೂಡಿಸುತ್ತಿದ್ದರು. ಅಷ್ಟು ವರ್ಷ ತುಂಡುತುಂಡಾಗಿ ನೋಡಿದ್ದು ಒಂದು ಕ್ಷಣದಲ್ಲಿ ಬಂದೂಕಾಯಿತು. ಕಾಡತೂಸು ತುಂಬಿದರು. ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು, ಬೀದಿಗೆ ಮುಖ ಮಾಡಿ ಕುಳಿತರು. ದೋಸ್ತ ಹೇಳಿಕಳಿಸಿದ್ದರಲ್ಲ, ಹಾಗೆಯೇ. ನೋಡುವವರಿಗೆ ಕಾಣುವಂತೆ.

ದೋಸ್ತನ ಹೆಂಡತಿ ಎದ್ದು ನೀರಿನ ತಂಬಿಗೆ ತೆಗೆದುಕೊಂಡು ಹೊರಗೆ ಬಂದರು. ಹಿಂದೆ ನಾವು. ಆಕೆ ತಂಬಿಗೆಯನ್ನು ಕಾಕಾನ ಬದಿಗಿಟ್ಟು ಬಂದೂಕನ್ನೇ ನೋಡಿದರು.

"ಅಣ್ಣಾ, ನಿನಗ ಯಾರರೆ ಹೇಳಿದರೋ ಇಲ್ಲೋ ಗೊತ್ತಿಲ್ಲ. ಅವರು ದಿನಾ ಸಂಜಿ ಬಸ್ಸಿಗೆ ಹೋಗತಿದ್ದರು."

ಕಾಕಾ ತಿರುಗಿ ನೋಡಿದರು.

"ಮನಿ ಬಿಟ್ಟು ಹೊರಗ ಹೋಗಬ್ಯಾಡ್ರಿ, ಬಂದರ ಅಣ್ಣ ತಾನ ಮನಿಗಿ ಬರತಾನ ಅಂದೆ. ಕೇಳಲಿಲ್ಲ. ಅವ ಬಂದೂಕ ಬಿಚ್ಚಿಕೊಂಡು ಬರತಾನ, ಹಾದ್ಯಾಗ ಕೂಡಸು ಅಂದರ ಕೂಡಸಂಗಿಲ್ಲ, ಅವನ ಕಾಯ್ದೆ ಅದು ಅಂದರು. ಬಸ್ಸಿನಿಂದ ಇಲ್ಲಿಗಿ ಮುಟ್ಟೂತನಕ ಅವನ ಕೈಯಾಗ ಏನೂ ಇರಂಗಿಲ್ಲ, ನನ್ನ ಸಲುವಾಗಿ ಬಂದವನ್ನ ಒಬ್ಬನ್ನ ನಡಸಬಾರದು ಅಂದರು. ಬಸ್ಸು ಬಂದು ಹೋಗೂತನಕ ಬೇವಿನ ಗಿಡದ ಬುಡಕ ನಿಂದ್ರತಿದ್ದರು. ಅಲ್ಲೇ ಹೊಡದರಣ್ಣಾ. ಮನ್ಯಾಗ ಇದ್ದಾಗ ಯಾರೂ ಬಂದಿರಲಿಲ್ಲ."

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಕಾಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅವರು ಕಾಡತೂಸು ತೆಗೆದು ಚೀಲಕ್ಕೆ ಹಾಕಿದರು. ಕೆಳಗಿನ ಕಟ್ಟಿಗೆಯ ತುಂಡನ್ನು ಬಿಚ್ಚಲು ಹೋದರು. ಅದು ಬಿಚ್ಚಲಿಲ್ಲ. ಮತ್ತೆ ಮಾಡಿದರು, ಆಗಲಿಲ್ಲ. ಕೊನೆಗೆ ಕಾಕು ನಳಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು, ಆಗ ಬಿಚ್ಚಿತು.

ರಾತ್ರಿ ಅಲ್ಲೇ ಇದ್ದು ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆವು. ಮಸ್ಕಿಯಲ್ಲಿ ಇಳಿದ ಕಾಕಾ ಮನೆಗೆ ಬರಲಿಲ್ಲ, ನೆಟ್ಟಗೆ ಠಾಣೆಗೆ ಹೋದರು. ಬಂದೂಕು, ಕಾಡತೂಸು, ಲೈಸೆನ್ಸು, ಪರವಾನಗಿ ಎಲ್ಲವನ್ನೂ ಮೇಜಿನ ಮೇಲಿಟ್ಟರಂತೆ. ಪರವಾನಗಿಯ ಮುದ್ದತ್ತು ಇನ್ನೂ ಮುಗಿದಿಲ್ಲವಲ್ಲ ಕಾಕಾ ಎಂದು ಅಲ್ಲಿದ್ದ ಜಮಾದಾರರು ಹೇಳಿದರಂತೆ. ಕಾಕಾ, "ಇರಲಿ" ಎಂದು ಎದ್ದು ಬಂದರಂತೆ. ಗೂಟಗಳು ಅಂದಿನಿಂದ ಖಾಲಿ.

ಕಾಯ್ದೆ ಕಾಕಾ ಎಂದು ನಗುವವರು ಆಮೇಲೂ ನಗುತ್ತಿದ್ದರು, ಹೊಸ ಕಾರಣಕ್ಕೆ. ಕಾಕಾ ಪ್ರತಿ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲಲು ಶುರು ಮಾಡಿದ್ದರು. ಸಿಂಧನೂರಿನಿಂದ ಬರುವ ಬಸ್ಸು, ಲಿಂಗಸುಗೂರಿನಿಂದ ಬರುವ ಬಸ್ಸು, ಎರಡನ್ನೂ ನೋಡುವರು. ಒಂಟಿಯಾಗಿ ಇಳಿದವರು ಯಾರಾದರೂ ಇದ್ದರೆ, ಪರಿಚಯವಿರಲಿ ಬಿಡಲಿ, ಅವರ ಮನೆಯ ಬಾಗಿಲತನಕ ಹಿಂದೆ ನಡೆದು ಹೋಗಿ, ಅವರು ಒಳಗೆ ಹೋದ ಮೇಲೆ ತಿರುಗಿ ಬರುವರು. ಕೈಯಲ್ಲಿ ಒಂದು ಕೋಲೂ ಇರುತ್ತಿರಲಿಲ್ಲ. ಕೆಲವರು ಬೈದರು. ಮುದುಕನಿಗೆ ತಲೆ ಕೆಟ್ಟಿದೆ ಎಂದರು. ಬಸ್ಸು ತಡವಾದರೆ ಚಳಿಯಲ್ಲಿ ನಿಂತೇ ಇರುತ್ತಿದ್ದರು. ಹಾಗೆ ನಿಂತು ನಿಂತೇ ಎದೆಗೆ ನೆಗಡಿ ಇಳಿದು ಕಡೆಗೆ ಹಾಸಿಗೆ ಹಿಡಿದದ್ದು. ಮಾತಾಡಿಸಲು ಬಂದವರು ಬಂದೂಕಿನ ವಿಷಯ ಕೇಳಿದರೇ ಹೊರತು ಇದರ ಮಾತನ್ನು ಒಬ್ಬರೂ ಎತ್ತಲಿಲ್ಲ.

ನಾನು ಲಿಂಗಸುಗೂರಿನಿಂದ ಬಂದ ಸಂಜೆಗಳಲ್ಲೂ ಕಾಕಾ ಅಲ್ಲಿರುತ್ತಿದ್ದರು. "ನಡೀರಿ ಅಕ್ಕೋರ" ಎಂದು ಹೇಳಿ ನಾಲ್ಕು ಹೆಜ್ಜೆ ಹಿಂದೆ ಬರುವರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನಿಂತು ಕೇಳಿಯೇಬಿಟ್ಟೆ: "ಕಾಕಾ, ಈ ಮಸ್ಕ್ಯಾಗ ನನಗ ಯಾರ ಹೆದರಿಕಿ ಐತ್ರಿ? ಯಾಕ ದಿನಾ ಬಂದು ನಿಂದ್ರತೀರಿ?"

ಅವರು ನನ್ನ ಮುಖ ನೋಡಲಿಲ್ಲ. ತಿರುಗಿ ಹೋಗುತ್ತಿದ್ದ ಬಸ್ಸಿನ ಕಡೆ ನೋಡುತ್ತ ಹೇಳಿದರು.

"ಬರತೀನಿ ಅಂದವರು ಬಂದರೋ ಇಲ್ಲೋ, ಯಾರರೆ ಒಬ್ಬರು ನಿಂತು ನೋಡಬೇಕಲ್ಲ, ಅಕ್ಕೋರ."